ಹೊಸ ಸಮಾಜ ವಿಜ್ಞಾನ ಟೀಚರನ್ನು ತರಗತಿಗೆ ತಯಾರು ಮಾಡುವುದು ಹೇಗೆ? ಕಾಸರಗೋಡಿನ ಹಿರಿಯ ಶಿಕ್ಷಕರಿಗೊಂದು ಮಾರ್ಗದರ್ಶಿ

ಜೂನ್ ಮೊದಲ ವಾರ. ಹೊರಗೆ ಜೋರು ಮಳೆ. ಸ್ಟಾಫ್ ರೂಮಿನ ಬಾಗಿಲಲ್ಲಿ ಒಬ್ಬರು ಹೊಸ ಟೀಚರ್ ಒದ್ದೆ ಕೊಡೆ ಹಿಡಿದು ನಿಂತಿದ್ದಾರೆ. ಹೆಡ್‌ಮಾಷ್ಟ್ರು ನಿಮ್ಮ ಕಡೆ ತಿರುಗಿ, "ಸಮಾಜಕ್ಕೆ ಬಂದವರು. ನೀವೇ ಸ್ವಲ್ಪ ನೋಡಿಕೊಳ್ಳಿ" ಅನ್ನುತ್ತಾರೆ. ಹೇಗೆ ನೋಡಿಕೊಳ್ಳಬೇಕು ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ. ಬಿ.ಎಡ್. ಟ್ರೈನಿಂಗಿಗೆ ಬಂದವರಿರಲಿ, ಪಿ.ಎಸ್.ಸಿ. (ಸರ್ಕಾರಿ ನೇಮಕಾತಿ ಆಯೋಗ) ಮೂಲಕ ಹೊಸದಾಗಿ ಸೇರಿದವರಿರಲಿ, ಅವರನ್ನು 8, 9, 10ನೇ ತರಗತಿಗೆ ಕಳಿಸುವ ಮೊದಲು ಮತ್ತು ಕಳಿಸಿದ ಮೇಲೆ ನಾವು ಏನು ಮಾಡಬಹುದು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಮಂಜೇಶ್ವರ, ಕುಂಬಳೆ, ಕಾಸರಗೋಡು ಕಡೆಯ ಕನ್ನಡ ಮಾಧ್ಯಮ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಒಂದು ಮಾತು ಮೊದಲೇ ಹೇಳುತ್ತೇನೆ. ಹೊಸಬರಿಗೆ ವಿಷಯ ಗೊತ್ತಿರುತ್ತದೆ. ಡಿಗ್ರಿ ಮಾಡಿ, ಎರಡು ವರ್ಷ ಬಿ.ಎಡ್. ಮಾಡಿ, ಕೆ-ಟೆಟ್ (ಕೇರಳದ ಶಿಕ್ಷಕ ಅರ್ಹತಾ ಪರೀಕ್ಷೆ) ಪಾಸಾಗಿ ಬಂದಿರುತ್ತಾರೆ. ಅವರಿಗೆ ಕಡಿಮೆ ಇರುವುದು ಎರಡು. ನಮ್ಮ ಪುಸ್ತಕದ ಪದ ಈ ಊರಿನ ಮಗುವಿನ ಕಿವಿಗೆ ಏನಾಗಿ ಕೇಳುತ್ತದೆ ಅನ್ನುವ ಅಂದಾಜು ಒಂದು. ಒಂದು ಪೀರಿಯಡನ್ನು ಒಂದೇ ಪ್ರಶ್ನೆಯ ಮೇಲೆ ನಿಲ್ಲಿಸುವ ಅಭ್ಯಾಸ ಇನ್ನೊಂದು. ಈ ಎರಡನ್ನು ಕೊಟ್ಟರೆ ಉಳಿದದ್ದನ್ನು ಅವರೇ ಕಲಿತುಕೊಳ್ಳುತ್ತಾರೆ.

ಮೊದಲ ವಾರ: ಪಾಠ ಬೇಡ, ಹಿಂದಿನ ಬೆಂಚು ಸಾಕು

ಸಾಧ್ಯವಾದರೆ ಮೊದಲ ಐದು ದಿನ ಹೊಸ ಟೀಚರಿಗೆ ಪಾಠ ಕೊಡಬೇಡಿ. ಪೀರಿಯಡ್ ಖಾಲಿ ಬಿಡಲಿಕ್ಕಾಗದಿದ್ದರೆ ದಿನಕ್ಕೆ ಒಂದಾದರೂ ನಿಮ್ಮ ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂರಿಸಿ. ನಿಮ್ಮ ಪಾಠವನ್ನು ನೋಡಲಿಕ್ಕೆ ಅಂತ ಅಲ್ಲ, ಮಕ್ಕಳನ್ನು ನೋಡಲಿಕ್ಕೆ. ಯಾವ ಮಗು ಯಾವಾಗ ಪೆನ್ನು ಕೆಳಗಿಟ್ಟಿತು, ಯಾರು ಪಕ್ಕದವರ ಹತ್ತಿರ ಯಾವ ಭಾಷೆಯಲ್ಲಿ ಪಿಸುಗುಟ್ಟಿದರು, ಬೋರ್ಡಿನ ಯಾವ ಪದವನ್ನು ತಪ್ಪಾಗಿ ಬರೆದುಕೊಂಡರು. ಇಷ್ಟನ್ನು ಒಂದು ಹಾಳೆಯಲ್ಲಿ ಗುರುತು ಮಾಡಲಿ.

ಅದೇ ವಾರ ತರಗತಿಯ ಭಾಷೆಯ ಪಟ್ಟಿ ಮಾಡಿಸಿ. ಮಕ್ಕಳಿಗೆ ಒಂದೊಂದು ಚೀಟಿ ಕೊಟ್ಟು ಮೂರು ಪ್ರಶ್ನೆ ಕೇಳಿದರೆ ಆಯಿತು: ಅಜ್ಜಿಯ ಹತ್ತಿರ ಯಾವ ಭಾಷೆ? ಬಸ್ಸಿನಲ್ಲಿ ಗೆಳೆಯರ ಹತ್ತಿರ ಯಾವುದು? ಟಿ.ವಿ., ಮೊಬೈಲಿನಲ್ಲಿ ಜಾಸ್ತಿ ನೋಡುವುದು ಯಾವುದು? ಎದ್ದು ನಿಲ್ಲಿಸಿ ಎಲ್ಲರ ಮುಂದೆ ಕೇಳುವುದು ಬೇಡ, ಕೆಲವರಿಗೆ ಸಂಕೋಚ ಆಗುತ್ತದೆ. ಚೀಟಿ ಒಟ್ಟು ಮಾಡಿದಾಗ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಕನ್ನಡ, ಉರ್ದು ಎಲ್ಲ ಬರಬಹುದು. ಪುಸ್ತಕದ ಕನ್ನಡವನ್ನು ಮನೆಯಲ್ಲಿ ಆಡುವ ಮಗು ಒಂದೂ ಇಲ್ಲ ಅಂತ ಹೊಸ ಟೀಚರಿಗೆ ಅವತ್ತೇ ಗೊತ್ತಾಗುತ್ತದೆ. ಮೈಸೂರಿನಲ್ಲೋ ಮಂಗಳೂರಿನಲ್ಲೋ ಓದಿ ಬಂದವರಿಗಂತೂ ಈ ಪಟ್ಟಿ ತುಂಬಾ ಮುಖ್ಯ.

ಸಂಜೆ ಶಾಲೆ ಬಿಟ್ಟ ಮೇಲೆ ಒಂದು ದಿನ ಅವರ ಜೊತೆ ಊರಿನಲ್ಲಿ ನಡೆಯಿರಿ. ಪಂಚಾಯತ್ ಆಫೀಸು, ರೇಷನ್ ಅಂಗಡಿ, ಹಾಲಿನ ಸೊಸೈಟಿ, ಹೊಳೆಬದಿ. ಮುಂದೆ ಪಾಠದಲ್ಲಿ ಬರುವ ಸ್ಥಳೀಯ ಸರ್ಕಾರ, ಸಾರ್ವಜನಿಕ ವಿತರಣೆ, ಸಹಕಾರ ಎಲ್ಲದಕ್ಕೂ ಉದಾಹರಣೆ ಅಲ್ಲೇ ಸಿಗುತ್ತದೆ.

ಎರಡನೇ ಹೆಜ್ಜೆ: ಪದಗಳ ಪುಸ್ತಕ

ಇದನ್ನು ನಾನು ತಡವಾಗಿ ಕಲಿತೆ. ನನ್ನ ಎರಡನೇ ವರ್ಷದ ಪರೀಕ್ಷೆಯಲ್ಲಿ ಒಬ್ಬಳು ಹುಡುಗಿ "ಭಾರತ ಒಂದು ದೊಡ್ಡ ರಾಜ್ಯ" ಅಂತ ಬರೆದಿದ್ದಳು. ಅದೇ ಹಾಳೆಯಲ್ಲಿ ಕೆಳಗೆ "ಮೂಲಭೂತ ಅವಕಾಶಗಳು" ಅಂತ ಇತ್ತು. ಎರಡಕ್ಕೂ ಕೆಂಪು ಗೆರೆ ಎಳೆದೆ. ಪೇಪರ್ ಕೊಟ್ಟ ದಿನ ಅವಳು ಮೇಜಿನ ಹತ್ತಿರ ಬಂದು, "ಸರ್, ಟಿ.ವಿ.ಯಲ್ಲಿ ಹಾಗೇ ಅಲ್ವಾ ಹೇಳುವುದು?" ಅಂತ ಕೇಳಿದಳು. ಹೌದು, ಅವಳು ಹೇಳಿದ್ದು ಸರಿ. ಮಲಯಾಳದಲ್ಲಿ ‘ರಾಜ್ಯಂ’ ಅಂದರೆ ದೇಶ. ‘ಅವಕಾಶಂ’ ಅಂದರೆ ಹಕ್ಕು. ಅವಳಿಗೆ ವಿಷಯ ಪೂರ್ತಿ ಗೊತ್ತಿತ್ತು. ನಾನು ಗೆರೆ ಎಳೆದದ್ದು ಅವಳ ಮನೆಯ ಭಾಷೆಯ ಮೇಲೆ.

ಆಮೇಲೆ ಗಮನ ಕೊಟ್ಟು ನೋಡಿದರೆ ಸಮಾಜ ವಿಜ್ಞಾನದ ಬೇರಿನ ಪದಗಳಲ್ಲೇ ಈ ತೊಡಕು ಇದೆ. ನಮ್ಮ ‘ರಾಜ್ಯ’ ಅವರಿಗೆ ‘ಸಂಸ್ಥಾನಂ’. ಆದರೆ ಕನ್ನಡದಲ್ಲಿ ಸಂಸ್ಥಾನ ಅಂದರೆ ಮೈಸೂರು, ಹೈದರಾಬಾದ್, ತಿರುವಾಂಕೂರಿನಂತಹ ರಾಜರ ಆಳ್ವಿಕೆಯ ಸೀಮೆ. ಹಾಗಾಗಿ "ಸಂಸ್ಥಾನಗಳ ವಿಲೀನ" ಅಂತ ಬೋರ್ಡಿನಲ್ಲಿ ಬರೆದರೆ, ಮಲಯಾಳ ಕೇಳಿ ಬೆಳೆದ ಮಗು ಕೇರಳ, ತಮಿಳುನಾಡು ಎಲ್ಲ ಒಂದಾದವು ಅಂತ ತಿಳಿದುಕೊಳ್ಳಬಹುದು. ‘ಸಮರ’ ನಮಗೆ ಯುದ್ಧ. ಅವರಿಗೆ ಹೋರಾಟ, ಮುಷ್ಕರ. ಕಾಲೇಜಿನಲ್ಲಿ ಅಣ್ಣಂದಿರು ಮಾಡುವುದೂ ‘ಸಮರಂ’. ‘ಸಂವಿಧಾನ’ ಇನ್ನೂ ವಿಶೇಷ. ಮಲಯಾಳ ಸಿನಿಮಾದ ಟೈಟಲಿನಲ್ಲಿ ‘ಸಂವಿಧಾನಂ’ ಅಂತ ಬಂದರೆ ನಿರ್ದೇಶನ ಅಂತ ಅರ್ಥ. ನಮ್ಮ ಸಂವಿಧಾನಕ್ಕೆ ಅಲ್ಲಿ ‘ಭರಣಘಟನ’ ಅನ್ನುತ್ತಾರೆ. ಪ್ರಜಾಪ್ರಭುತ್ವ ಅಲ್ಲಿ ‘ಜನಾಧಿಪತ್ಯಂ’. ಅಲ್ಪಸಂಖ್ಯಾತ ಅನ್ನುವುದಕ್ಕೆ ‘ನ್ಯೂನಪಕ್ಷಂ’. ಚುನಾವಣೆಯ ಸಮಯದಲ್ಲಿ ಗೋಡೆಗಳ ಮೇಲೆ, ವಾರ್ತೆಯಲ್ಲಿ ಮಗು ದಿನಾ ನೋಡುವುದು ಈ ಪದಗಳನ್ನೇ.

ಹೊಸ ಟೀಚರಿಗೆ ಒಂದು ಗೆರೆ ಪುಸ್ತಕ ಕೊಡಿ. ಹಾಳೆಯನ್ನು ಮೂರು ಭಾಗ ಮಾಡಿಸಿ. ಎಡಕ್ಕೆ ಪಠ್ಯದ ಪದ. ನಡುವೆ ಮಕ್ಕಳ ಮನೆಯಲ್ಲಿ, ಟಿ.ವಿ.ಯಲ್ಲಿ ಅದಕ್ಕಿರುವ ಪದ, ಅಥವಾ ಅದೇ ಪದಕ್ಕೆ ಅಲ್ಲಿರುವ ಬೇರೆ ಅರ್ಥ. ಬಲಕ್ಕೆ ಮಗುವಿನ ಬದುಕಿನಿಂದ ಎತ್ತಿದ ಒಂದು ವಾಕ್ಯ. ‘ಹಕ್ಕು’ ಎದುರಿಗೆ "ಪಂಚಾಯತ್ ಆಫೀಸಿಗೆ ಹೋಗಿ ಕಾಗದ ಕೇಳಲಿಕ್ಕೆ ನನ್ನ ಅಮ್ಮನಿಗೆ ಹಕ್ಕಿದೆ" ಅಂತ ಇದ್ದರೆ ಸಾಕು. ಒಂದು ಅಧ್ಯಾಯಕ್ಕೆ ಐದು ಪದ ಮಾತ್ರ. ಹತ್ತು, ಹದಿನೈದು ಹಾಕಿದರೆ ಅದು ನಿಘಂಟಾಗುತ್ತದೆ, ಯಾರೂ ತೆರೆಯುವುದಿಲ್ಲ. ಟೀಚರಿಗೆ ಮಲಯಾಳ ಬಾರದಿದ್ದರೆ ನಡುವಿನ ಭಾಗವನ್ನು ಮಕ್ಕಳಿಂದಲೇ ತುಂಬಿಸಲಿ. "ಇದಕ್ಕೆ ನಿಮ್ಮ ಮನೆಯಲ್ಲಿ ಎಂತ ಹೇಳ್ತೀರಿ?" ಅಂತ ಕೇಳಿದ ಕೂಡಲೇ, ಅಲ್ಲಿಯವರೆಗೆ ಬಾಯಿ ಬಿಡದ ಮಕ್ಕಳು ಮಾತಾಡುತ್ತಾರೆ. ನಾನು ಇದನ್ನು ಪ್ರತಿ ವರ್ಷ ನೋಡಿದ್ದೇನೆ.

ಮಗುವಿನ ಪದವನ್ನು ತಪ್ಪು ಅನ್ನಬಾರದು. "ಮಲಯಾಳದಲ್ಲಿ ಹಾಗೆ, ಕನ್ನಡದಲ್ಲಿ ಹೀಗೆ, ಪರೀಕ್ಷೆಯಲ್ಲಿ ಹೀಗೆ ಬರೆಯಬೇಕು" ಅಂದರೆ ಮುಗಿಯಿತು.

ಮೂರನೇ ಹೆಜ್ಜೆ: ಪುಸ್ತಕವನ್ನು ಜೊತೆಯಲ್ಲಿ ಓದುವುದು, ಒಂದು ಪ್ರಶ್ನೆ ಹುಡುಕುವುದು

ಕೇರಳದಲ್ಲಿ 2024ರಲ್ಲಿ 9ನೇ ತರಗತಿಗೆ, 2025ರಲ್ಲಿ 8 ಮತ್ತು 10ನೇ ತರಗತಿಗೆ ಹೊಸ ಪಠ್ಯಪುಸ್ತಕ ಬಂದಿದೆ. ಅಂದರೆ ನಮ್ಮ ಹಳೆ ನೋಟ್ಸ್ ಕೈಗೆ ಕೊಟ್ಟು "ಇದನ್ನೇ ಮಾಡಿ" ಅಂತ ಹೇಳುವ ಹಾಗಿಲ್ಲ. ಇದು ಒಳ್ಳೆಯದೇ. ಇಬ್ಬರೂ ಒಟ್ಟಿಗೆ ಕೂತು ಹೊಸದಾಗಿ ಓದಬಹುದು.

ಒಂದು ಘಟಕ ತೆಗೆದುಕೊಳ್ಳಿ. ಪೂರ್ತಿ ಓದಿ ಪುಸ್ತಕ ಮುಚ್ಚಿಸಿ. ಆಮೇಲೆ ಹೊಸ ಟೀಚರಿಗೆ ಕೇಳಿ: "ಈ ಪಾಠ ಯಾವ ಪ್ರಶ್ನೆಗೆ ಉತ್ತರ?" ಮೊದಲ ಸಲ ಅವರು ಪಾಠದ ಸಾರಾಂಶ ಹೇಳುತ್ತಾರೆ. ಸುಮ್ನೆ ಕಾಯಿರಿ. ಮತ್ತೆ ಕೇಳಿ. ಸಾರಾಂಶದಿಂದ ಪ್ರಶ್ನೆಗೆ ಬರಲಿಕ್ಕೆ ಕೆಲವರಿಗೆ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಕೊಡಿ, ಯಾಕೆಂದರೆ ಇಡೀ ತಯಾರಿಯಲ್ಲಿ ಇದೇ ಗಟ್ಟಿ ಭಾಗ.

ಹೇಗೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಸ್ವಾತಂತ್ರ್ಯದ ನಂತರದ ರಾಜ್ಯ ಪುನರ್ವಿಂಗಡಣೆ. ಸಾಮಾನ್ಯವಾಗಿ ಇದನ್ನು ಹೇಗೆ ಮಾಡುತ್ತೇವೆ? ತೆಲುಗರಿಗೆ ಬೇರೆ ರಾಜ್ಯ ಬೇಕು ಅಂತ ಪೊಟ್ಟಿ ಶ್ರೀರಾಮುಲು ಉಪವಾಸ ಮಾಡಿ 1952ರ ಡಿಸೆಂಬರ್ 15ರಂದು ತೀರಿಕೊಂಡರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆಯಿತು. ಫಜಲ್ ಅಲಿ, ಎಚ್.ಎನ್. ಕುಂಜ್ರು, ಕೆ.ಎಂ. ಪಣಿಕ್ಕರ್ ಇದ್ದ ಆಯೋಗ 1955ರಲ್ಲಿ ವರದಿ ಕೊಟ್ಟಿತು. 1956ರ ನವೆಂಬರ್ 1ರಂದು 14 ರಾಜ್ಯ, 6 ಕೇಂದ್ರಾಡಳಿತ ಪ್ರದೇಶ. ಮಕ್ಕಳು ಬರೆದುಕೊಳ್ಳುತ್ತಾರೆ. ಮರುದಿನ ಅರ್ಧ ಮರೆಯುತ್ತಾರೆ.

ಇದನ್ನೇ ಮೂರು ಕಾಗದದಿಂದ ಶುರು ಮಾಡಿ ನೋಡಿ. ಊರಿನ ಯಾವುದಾದರೂ ಹಳೆ ಮನೆಯಲ್ಲಿ ಕೇಳಿದರೆ ಸಿಗುತ್ತದೆ. ಅಜ್ಜನ ಕಾಲದ ಜಾಗದ ಕಾಗದ ಒಂದು. ಅದರಲ್ಲಿ ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡು ತಾಲೂಕು ಅಂತ ಇರುತ್ತದೆ, ಯಾಕೆಂದರೆ ಆಗ ಇದು ಮದ್ರಾಸಿಗೆ ಸೇರಿತ್ತು. ಎರಡನೆಯದು 1970ರ ದಶಕದ ಒಂದು ಸ್ಕೂಲ್ ಸರ್ಟಿಫಿಕೇಟು. ಅದರಲ್ಲಿ ಕೇರಳ, ಕಣ್ಣೂರು ಜಿಲ್ಲೆ. ಮೂರನೆಯದು ಈಗಿನ ರೇಷನ್ ಕಾರ್ಡ್. ಅದರಲ್ಲಿ ಕಾಸರಗೋಡು ಜಿಲ್ಲೆ. ಮೂರೂ ಒಂದೇ ಮನೆಯದ್ದು. ಹೆಸರು, ಸರ್ವೆ ನಂಬರು, ಕಾರ್ಡಿನ ನಂಬರು ಮುಚ್ಚಿ ಜೆರಾಕ್ಸ್ ಮಾಡಿ. ಅಸಲು ಕಾಗದ ತರಗತಿಗೆ ತರುವುದು ಬೇಡ.

ಮಕ್ಕಳನ್ನು ನಾಲ್ಕು ನಾಲ್ಕು ಮಂದಿಯ ಗುಂಪು ಮಾಡಿ ಜೆರಾಕ್ಸ್ ಕೊಡಿ. ಐದು ನಿಮಿಷ ಯಾರೂ ಏನೂ ವಿವರಿಸುವುದಿಲ್ಲ, ಟೀಚರ್ ಕೂಡ. ನೋಡಿ, ವರ್ಷ, ಜಿಲ್ಲೆ, ರಾಜ್ಯ ಗುರುತು ಮಾಡಿಕೊಳ್ಳಲಿ. ಆಮೇಲೆ ಬೋರ್ಡಿನ ನಡುವೆ ಒಂದೇ ಸಾಲು: "ಮನೆ ಅಲ್ಲೇ ಇದೆ. ವಿಳಾಸ ಯಾಕೆ ಬದಲಾಯಿತು?"

ಈ ಪ್ರಶ್ನೆ ಬಿದ್ದ ಮೇಲೆ ಪುಸ್ತಕ ತೆರೆಯಿಸಿ. ಈಗ ಮಕ್ಕಳು ಉತ್ತರ ಹುಡುಕಲಿಕ್ಕೆ ಓದುತ್ತಾರೆ. ಆಯೋಗ, ಕಾಯ್ದೆ, ನವೆಂಬರ್ 1 ಎಲ್ಲ ಆ ಹುಡುಕಾಟದ ನಡುವೆ ಬರುತ್ತವೆ. 1957ರಲ್ಲಿ ಮಲಬಾರ್ ಜಿಲ್ಲೆ ಒಡೆದು ಕಣ್ಣೂರು ಆದದ್ದು, 1984ರ ಮೇ 24ರಂದು ಕಾಸರಗೋಡು ಬೇರೆ ಜಿಲ್ಲೆ ಆದದ್ದು ಟೀಚರ್ ಸೇರಿಸಲಿ. ಕೊನೆಯ ಎಂಟು ನಿಮಿಷ ಬರವಣಿಗೆಗೆ. ಮೂರು ವಾಕ್ಯ ಸಾಕು, ಒಂದೊಂದು ಕಾಗದಕ್ಕೆ ಒಂದೊಂದು.

ಹೊಸ ಟೀಚರ್ ಈ ಒಂದು ಪೀರಿಯಡನ್ನು ನಿಮ್ಮ ಜೊತೆ ಕೂತು ಕಟ್ಟಿದರೆ, ಮುಂದಿನದ್ದನ್ನು ಅವರೇ ಕಟ್ಟುತ್ತಾರೆ. ಪ್ರತಿ ಪಾಠಕ್ಕೂ ಹಳೆ ಕಾಗದ ಸಿಗುವುದಿಲ್ಲ ನಿಜ. ಕೆಲವಕ್ಕೆ ಒಂದು ಕರೆಂಟ್ ಬಿಲ್ಲು ಸಾಕು, ಕೆಲವಕ್ಕೆ ಒಂದು ಬಸ್ ಟಿಕೆಟು, ಕೆಲವಕ್ಕೆ ಅಡಿಕೆಯ ಇವತ್ತಿನ ಧಾರಣೆ.

ಟೀಚಿಂಗ್ ಮ್ಯಾನುವಲ್

ಅಂದರೆ ದಿನದಿನದ ಪಾಠದ ಯೋಜನೆ ಬರೆದಿಡುವ ಪುಸ್ತಕ. ಇದರ ಬಗ್ಗೆ ಹೊಸಬರಿಗೆ ಹೆದರಿಕೆ ಜಾಸ್ತಿ. ಹ್ಯಾಂಡ್‌ಬುಕ್ ನೋಡಿ, ಕಲಿಕಾ ಸಾಧನೆ, ಚಟುವಟಿಕೆ, ಮಕ್ಕಳ ಪ್ರತಿಕ್ರಿಯೆ ಎಲ್ಲ ಕ್ರಮವಾಗಿ ಬರೆಯಲಿ. ಮೇಲ್ಗಡೆ ಆ ದಿನದ ಪ್ರಶ್ನೆ ಇರಲೇಬೇಕು. ಪಾಠ ಮುಗಿದ ದಿನವೇ ಪ್ರತಿಫಲನ ಬರೆಸಿ, ಎರಡೇ ಸಾಲು: ಎಲ್ಲಿ ಮಕ್ಕಳು ಸಿಕ್ಕಿಹಾಕಿಕೊಂಡರು, ನಾಳೆ ಅದಕ್ಕೆ ಏನು ಮಾಡುತ್ತೇನೆ. ಶನಿವಾರ ಕೂತು ಐದು ದಿನದ್ದನ್ನು ಒಟ್ಟಿಗೆ ಬರೆಯುವ ಅಭ್ಯಾಸ ಶುರುವಾಗದ ಹಾಗೆ ನೋಡಿಕೊಳ್ಳಿ. ಕೇರಳ ಶಿಕ್ಷಣ ಇಲಾಖೆಯ ಸಮಗ್ರ ಪೋರ್ಟಲಿನಲ್ಲಿ ಸಿಗುವ ಸಾಮಗ್ರಿ ನೋಡಲಿ, ಆದರೆ ಅದನ್ನೇ ನಕಲು ಮಾಡುವುದು ಬೇಡ. ಅದು ಬರೆದವರಿಗೆ ನಿಮ್ಮ 9ಬಿ ಗೊತ್ತಿಲ್ಲ.

ಬೋರ್ಡು ಮತ್ತು ನಕ್ಷೆ

ಹೈಟೆಕ್ ಕ್ಲಾಸ್ ರೂಮು ಬಂದ ಮೇಲೆ ಹೊಸಬರು ಬೋರ್ಡಿನಲ್ಲಿ ನಕ್ಷೆ ಬಿಡಿಸುವುದನ್ನೇ ಬಿಟ್ಟಿದ್ದಾರೆ. ಪ್ರೊಜೆಕ್ಟರ್ ಒಳ್ಳೆಯದು, ಹಳೆಯ ನಕ್ಷೆ, ಉಪಗ್ರಹ ಚಿತ್ರ ತೋರಿಸಲಿಕ್ಕೆ ಅದರಷ್ಟು ಉಪಕಾರದ ವಸ್ತು ಇನ್ನೊಂದಿಲ್ಲ. ಆದರೆ ಟೀಚರ್ ಕೈಯಿಂದ ಗೆರೆ ಎಳೆಯುವುದನ್ನು ನೋಡುವಾಗ ಮಗು ಕೂಡ ಎಳೆಯುತ್ತದೆ. ಶಾಲೆ ಬಿಟ್ಟ ಮೇಲೆ ಖಾಲಿ ತರಗತಿಯಲ್ಲಿ ಅಭ್ಯಾಸ ಮಾಡಿಸಿ. ಭಾರತದ ಹೊರಗೆರೆ ಒಂದು ನಿಮಿಷದಲ್ಲಿ, ಕೇರಳದ್ದು ಅರ್ಧ ನಿಮಿಷದಲ್ಲಿ. ಒಂದು ವಾರ ದಿನಾ ಹತ್ತು ಸಲ ಮಾಡಿದರೆ ಕೈ ಕೂರುತ್ತದೆ.

ಸ್ಥಳಾಕೃತಿ ನಕ್ಷೆ, ಅಂದರೆ ನೆಲದ ಎತ್ತರ ತಗ್ಗು ತೋರಿಸುವ ನಕ್ಷೆ, ಹೊಸ ಟೀಚರಿಗೇ ಕಷ್ಟ ಅನ್ನಿಸುವ ಪಾಠ. ಅದಕ್ಕೆ ನಮ್ಮ ಊರಿನ ಗುಡ್ಡವೇ ಉಪಾಯ. ಬಾಯಾರು, ಪೈವಳಿಕೆ ಕಡೆಯ ಮಕ್ಕಳಿಗೆ ಪೊಸಡಿ ಗುಂಪೆ ಗೊತ್ತು. ಒದ್ದೆ ಮಣ್ಣಿನಲ್ಲಿ ಆ ಗುಡ್ಡದ ಆಕಾರ ಮಾಡಿಸಿ. ಒಂದು ಬದಿ ಕಡಿದಾಗಿರಲಿ, ಇನ್ನೊಂದು ಬದಿ ಇಳಿಜಾರು. ಅದಕ್ಕೆ ಸಮ ಎತ್ತರದಲ್ಲಿ ಒಂದರ ಮೇಲೊಂದು ನೂಲು ಸುತ್ತಿಸಿ. ಮೇಲಿನಿಂದ ನೇರ ಕೆಳಗೆ ನೋಡಿದರೆ ಕಡಿದಾದ ಕಡೆ ನೂಲುಗಳು ಹತ್ತಿರ ಹತ್ತಿರ ಕಾಣುತ್ತವೆ, ಇಳಿಜಾರಿನ ಕಡೆ ದೂರ ದೂರ. ಸಮೋನ್ನತಿ ರೇಖೆ ಅಂದರೆ ಇಷ್ಟೇ. ಆಮೇಲೆ 1:50000 ನಕ್ಷೆ ತೆರೆದು, ಅದರಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್ ಅಂತ ತೋರಿಸಲಿ. ಕಂದು ಬಣ್ಣದ ಗೆರೆ ಎತ್ತರ, ನೀಲಿ ನೀರು, ಹಸುರು ಕಾಡು, ಹಳದಿ ಬೇಸಾಯದ ಜಾಗ, ಕೆಂಪು ಮನೆ ಮತ್ತು ರಸ್ತೆ. ಈ ಕ್ರಮದಲ್ಲಿ ಹೋದರೆ ಬಣ್ಣಗಳನ್ನು ಬಾಯಿಪಾಠ ಮಾಡುವ ಕಷ್ಟ ಇರುವುದಿಲ್ಲ.

ಮೊದಲ ಪಾಠ, ಮತ್ತು ನೀವು ಹಿಂದೆ ಕೂರುವುದು

ಈಗ ಜಾಗ ಬದಲು. ಹೊಸ ಟೀಚರ್ ಬೋರ್ಡಿನ ಹತ್ತಿರ, ನೀವು ಹಿಂದಿನ ಬೆಂಚಿನಲ್ಲಿ. ಹೋಗುವ ಮೊದಲು ಅವರನ್ನೇ ಕೇಳಿ: "ನಾನು ಯಾವುದನ್ನು ನೋಡಬೇಕು?" ಅವರು ಒಂದು ವಿಷಯ ಹೇಳಲಿ. ಹಿಂದಿನ ಸಾಲಿನ ಮಕ್ಕಳು ಮಾತಾಡುತ್ತಾರಾ ಅಂತಲೋ, ನನ್ನ ಸೂಚನೆ ಅರ್ಥ ಆಗುತ್ತದಾ ಅಂತಲೋ. ಅದನ್ನು ಮಾತ್ರ ನೋಡಿ.

ಒಂದು ಹಾಳೆಯಲ್ಲಿ ತರಗತಿಯ ಬೆಂಚುಗಳ ಚಿತ್ರ ಬಿಡಿಸಿ. ಯಾವ ಮಗು ಮಾತಾಡಿತೋ ಆ ಜಾಗದಲ್ಲಿ ಒಂದು ಚುಕ್ಕೆ. ತಾನಾಗಿ ಕೇಳಿದರೆ ಸುತ್ತ ಒಂದು ಸೊನ್ನೆ. ಟೀಚರ್ ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿ, ಎಷ್ಟಕ್ಕೆ ಅವರೇ ಉತ್ತರ ಹೇಳಿಬಿಟ್ಟರು ಅಂತ ಬದಿಯಲ್ಲಿ ಬರೆಯಿರಿ. ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ಇದನ್ನು ಅಳೆದು ನೋಡಿದ್ದರು. ಸಾಮಾನ್ಯವಾಗಿ ಶಿಕ್ಷಕರು ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಜಾಸ್ತಿ ಮಕ್ಕಳು ಬಾಯಿ ಬಿಡುತ್ತಾರೆ ಅಂತ ಅವರಿಗೆ ಕಂಡಿತು. ನಮ್ಮ ಮಕ್ಕಳಿಗೆ ನಾನು ಐದು ಸೆಕೆಂಡು ಹೇಳುತ್ತೇನೆ. ತುಳುವಿನಲ್ಲಿ ಯೋಚಿಸಿ ಕನ್ನಡದಲ್ಲಿ ಹೇಳಬೇಕಲ್ಲ, ಅದಕ್ಕೆ ಸ್ವಲ್ಪ ಹೊತ್ತು ಬೇಕು.

ಪಾಠದ ನಡುವೆ ಎದ್ದು ತಿದ್ದಬೇಡಿ. ಇಸವಿ ತಪ್ಪು ಹೇಳಿದರೂ ಸುಮ್ನಿರಿ. ಮರುದಿನ ಅವರೇ ಮಕ್ಕಳಿಗೆ, "ನಿನ್ನೆ ನಾನು ತಪ್ಪು ಹೇಳಿದೆ, ಸರಿ ಮಾಡಿಕೊಳ್ಳಿ" ಅಂತ ಹೇಳಲಿ. ಮಕ್ಕಳ ಎದುರು ಒಬ್ಬ ಟೀಚರನ್ನು ಒಂದು ಸಲ ಸಣ್ಣದು ಮಾಡಿದರೆ ಆ ತರಗತಿಯನ್ನು ಅವರಿಗೆ ಮರಳಿಸಲಿಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಆಮೇಲೆ ಚಹಾ ಕುಡಿಯುತ್ತಾ ಹಾಳೆ ಅವರ ಮುಂದಿಡಿ. ಅಭಿಪ್ರಾಯ ಹೇಳುವ ಅವಸರ ಬೇಡ. ಹೆಚ್ಚಿನ ಸಲ ಚುಕ್ಕೆಗಳೆಲ್ಲ ಮುಂದಿನ ಎರಡು ಬೆಂಚಿನಲ್ಲಿ ಇರುತ್ತವೆ. ಟೀಚರ್ ತಾವೇ ನೋಡಿ, "ಈ ಕಡೆ ಯಾರೂ ಮಾತೇ ಆಡಿಲ್ಲ ಅಲ್ವಾ?" ಅನ್ನುತ್ತಾರೆ. ಆ ಮಾತು ಅವರ ಬಾಯಿಂದ ಬಂದರೆ ನೀವು ಹೇಳಬೇಕಾದ್ದು ಅರ್ಧ ಮುಗಿಯಿತು. ಕೊನೆಗೆ ಒಂದೇ ಒಂದು ಬದಲಾವಣೆ ನಿರ್ಧಾರ ಮಾಡಿ. ಮುಂದಿನ ಪಾಠದಲ್ಲಿ ಅದನ್ನೇ ನೋಡಿ. ಹತ್ತು ಸಲಹೆ ಕೊಟ್ಟರೆ ಅವರು ಒಂದನ್ನೂ ಹಿಡಿಯಲಾರರು.

ಹೀಗೆ ಆರು ಪಾಠ ನೋಡಿದರೆ ಸಾಕು. ಆರರಲ್ಲಿ ಒಂದನ್ನಾದರೂ ಮಧ್ಯಾಹ್ನದ ಊಟದ ನಂತರದ ಪೀರಿಯಡಿನಲ್ಲಿ ನೋಡಿ. ಬೆಳಗ್ಗಿನ ತರಗತಿ ಎಲ್ಲರಿಗೂ ಚೆನ್ನಾಗಿ ನಡೆಯುತ್ತದೆ.

ಸೂಕ್ಷ್ಮ ವಿಷಯಗಳು

ಗಡಿಯಲ್ಲಿ ಸಮಾಜ ಕಲಿಸುವವರಿಗೆ ಇದರಿಂದ ತಪ್ಪಿಸಿಕೊಳ್ಳಲಿಕ್ಕಾಗುವುದಿಲ್ಲ. ರಾಜ್ಯ ಪುನರ್ವಿಂಗಡಣೆಯ ಪಾಠ ಮಾಡುವಾಗ ಯಾರಾದರೂ ಕೇಳಿಯೇ ಕೇಳುತ್ತಾರೆ: "ಟೀಚರ್, ನಾವು ಕರ್ನಾಟಕಕ್ಕೆ ಸೇರಬೇಕಿತ್ತಾ?" ಹೊಸ ಟೀಚರ್ ಆ ಪ್ರಶ್ನೆಯನ್ನು ಮೊದಲ ಸಲ ತರಗತಿಯಲ್ಲೇ ಕೇಳುವ ಹಾಗೆ ಆಗಬಾರದು. ಸ್ಟಾಫ್ ರೂಮಿನಲ್ಲಿ ನೀವೇ ಮಗುವಾಗಿ ಕೇಳಿ, ಅವರು ಉತ್ತರ ಹೇಳಿ ಅಭ್ಯಾಸ ಮಾಡಲಿ. 1966ರಲ್ಲಿ ಗಡಿ ವಿವಾದ ನೋಡಲಿಕ್ಕೆ ಮಹಾಜನ ಆಯೋಗ ನೇಮಕ ಆದದ್ದು, 1967ರ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಸೇರಿಸಲು ಶಿಫಾರಸು ಮಾಡಿದ್ದು, ಕೇರಳ ಅದನ್ನು ಒಪ್ಪದೆ ಇದ್ದದ್ದು, ಅದು ಜಾರಿಗೆ ಬಾರದೆ ಉಳಿದದ್ದು ಇವು ನಡೆದ ಸಂಗತಿಗಳು. ಇವನ್ನು ನೇರವಾಗಿ ಹೇಳಬಹುದು. ತಮ್ಮ ಸ್ವಂತ ಅಭಿಪ್ರಾಯವನ್ನು ಹದಿನೈದು ವರ್ಷದ ಮಗುವಿನ ಮೇಲೆ ಹೊರಿಸುವುದು ಬೇಡ. ಒಂದೇ ಬೆಂಚಿನಲ್ಲಿ ಎರಡು ಬಗೆಯ ಮನೆಯಿಂದ ಬಂದ ಮಕ್ಕಳು ಕೂತಿರುತ್ತಾರೆ. ಬೇಕಾದರೆ ಮನೆಯ ಹಿರಿಯರನ್ನು ಕೇಳಿಕೊಂಡು ಬರಲಿ. ಬೇರೆ ಬೇರೆ ಉತ್ತರ ಬರುತ್ತದೆ, ಅದೇ ಒಂದು ಪಾಠ.

ಇದೇ ಜಾಗದಲ್ಲಿ ಸಂವಿಧಾನದ 350ಎ ಮತ್ತು 350ಬಿ ವಿಧಿಗಳನ್ನು ಹೇಳಿಸಿ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ, ಭಾಷಾ ಅಲ್ಪಸಂಖ್ಯಾತರಿಗೆ ವಿಶೇಷಾಧಿಕಾರಿ. ಎರಡೂ 1956ರ 7ನೇ ತಿದ್ದುಪಡಿಯಲ್ಲಿ ಬಂದವು, ಅಂದರೆ ರಾಜ್ಯಗಳ ಗಡಿ ಬದಲಾದ ವರ್ಷವೇ. "ನೀವು ಇಲ್ಲಿ ಕನ್ನಡದಲ್ಲಿ ಓದುತ್ತಿರುವುದರ ಹಿಂದೆ ಇಂಥದ್ದೊಂದು ಸಾಲು ಇದೆ" ಅಂದರೆ ಮಕ್ಕಳು ಮುಖ ಎತ್ತಿ ನೋಡುತ್ತಾರೆ.

ಈ ಕಡೆಯ ಎಷ್ಟೋ ಮನೆಗಳಲ್ಲಿ ಕಾಯಿಲೆಗೆ ಕಾರಣ ಅಂತ ಹೇಳುವ ಕೀಟನಾಶಕ ಎಂಡೋಸಲ್ಫಾನ್ ವಿಷಯಕ್ಕೆ ಇನ್ನೂ ಜಾಸ್ತಿ ಎಚ್ಚರ ಬೇಕು. ಪರಿಸರ, ಹಕ್ಕು, ನ್ಯಾಯಾಲಯ ಯಾವ ಪಾಠದಲ್ಲೂ ಅದು ಬರಬಹುದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಸಿಂಪಡಿಸಿದ್ದು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆದದ್ದು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕು ಅಂತ ಹೇಳಿದ್ದು ಟೀಚರಿಗೆ ಗೊತ್ತಿರಬೇಕು. ಆದರೆ ಎಣ್ಮಕಜೆ, ಬೆಳ್ಳೂರು ಕಡೆಯ ಶಾಲೆಯಲ್ಲಿ ಆ ಮನೆಗಳ ಮಕ್ಕಳು ಎದುರಿಗೇ ಇರಬಹುದು. ಫೋಟೋ ತೋರಿಸುವುದು, "ನಿಮ್ಮ ಮನೆಯಲ್ಲಿ ಯಾರಿಗಾದರೂ ಇದೆಯಾ" ಅಂತ ಕೇಳುವುದು ಖಂಡಿತ ಬೇಡ. ಕ್ಲಾಸ್ ಟೀಚರ್ ಹತ್ತಿರ ಮೊದಲೇ ಮಾತಾಡಿಕೊಂಡು ಹೋಗಲಿ. ಮಗು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಬೇಕು, ಅಷ್ಟೇ.

ತರಗತಿಯ ಹೊರಗೆ

ಬೇಕಲ ಕೋಟೆಗೆ ಮಕ್ಕಳು ಹೇಗೂ ಹೋಗುತ್ತಾರೆ. ಹೊಸ ಟೀಚರಿಗೆ ನಾನು ಹೇಳುವುದು, ಮೊದಲ ವರ್ಷ ನಡೆದು ಹೋಗುವಷ್ಟು ಹತ್ತಿರದ ಒಂದು ಜಾಗ ಆರಿಸಿ. ಬಾಯಾರು, ಪಡ್ರೆ, ಪೈವಳಿಕೆ ಕಡೆಯಾದರೆ ಸುರಂಗ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು, ಒಳಗಿನ ಒರತೆಯ ನೀರನ್ನು ಪಂಪಿಲ್ಲದೆ ತಾನಾಗಿ ಹೊರಗೆ ಹರಿಸುವ ಏರ್ಪಾಡು. ಕೊರೆಯುವವರು ಒಳಗೆ ಮೇಣದ ಬತ್ತಿ ಹಚ್ಚಿಕೊಂಡು ಹೋಗುತ್ತಾರೆ. ಬತ್ತಿ ಆರಿದರೆ ಉಸಿರಾಡುವ ಗಾಳಿ ಕಡಿಮೆ ಅಂತ ತಿಳಿದು ಹೊರಗೆ ಬರುತ್ತಾರೆ. ಭೂಗೋಳ, ಚರಿತ್ರೆ, ದುಡಿಮೆ, ನೀರಿನ ಹಂಚಿಕೆ ಎಲ್ಲ ಒಂದೇ ಬಾಯಿಯಲ್ಲಿ ಹರಿದು ಬರುತ್ತದೆ.

ಹೋಗುವ ಮೊದಲು ಟೀಚರ್ ಒಬ್ಬರೇ ಹೋಗಿ ನೋಡಿ ಬರಲಿ, ಮನೆಯವರ ಒಪ್ಪಿಗೆ ಪಡೆಯಲಿ. ಮಕ್ಕಳನ್ನು ಸುರಂಗದ ಒಳಗೆ ಬಿಡಬಾರದು. ಹಾವು, ಕಣಜ, ಕುಸಿಯುವ ಮಣ್ಣು ಇರುತ್ತದೆ. ಹೊರಗೆ ನಿಂತು, ಕೊರೆದವರನ್ನೋ ಆ ಮನೆಯ ಹಿರಿಯರನ್ನೋ ಮಾತಾಡಿಸಲಿ. ಪ್ರತಿ ಗುಂಪಿಗೆ ಎರಡು ಪ್ರಶ್ನೆ, ಮೊದಲೇ ಬರೆದದ್ದು. ಈ ಟಿಪ್ಪಣಿಗಳೇ ಮುಂದೆ ಸಮಾಜ ವಿಜ್ಞಾನ ಮೇಳದ ಪ್ರಾದೇಶಿಕ ಇತಿಹಾಸ ರಚನೆಗೆ ಬರುತ್ತವೆ. ಮೇಳಕ್ಕೆಂದೇ ಕೊನೆಯ ವಾರ ಓಡಾಡುವುದು ತಪ್ಪುತ್ತದೆ.

ಪರೀಕ್ಷೆ

ಎಸ್.ಎಸ್.ಎಲ್.ಸಿ.ಯಲ್ಲಿ ಸಮಾಜಕ್ಕೆ ಲಿಖಿತ 80, ಸಿ.ಇ. (ನಿರಂತರ ಮೌಲ್ಯಮಾಪನ) 20. ಬರೆಯಲಿಕ್ಕೆ ಎರಡೂವರೆ ಗಂಟೆ, ಅದಕ್ಕೆ ಮೊದಲು 15 ನಿಮಿಷ ಕೂಲ್ ಆಫ್ ಟೈಮ್, ಅಂದರೆ ಬರೆಯದೆ ಪ್ರಶ್ನೆ ಓದುವ ಸಮಯ. ಆ 15 ನಿಮಿಷ ಏನು ಮಾಡಬೇಕು ಅಂತ ಮಕ್ಕಳಿಗೆ ಯಾರೂ ಕಲಿಸುವುದಿಲ್ಲ. ಓಣಂ ಪರೀಕ್ಷೆಯಿಂದಲೇ ಅಭ್ಯಾಸ ಮಾಡಿಸಲಿ: ಪ್ರಶ್ನೆ ಓದಿ, ಅದರಲ್ಲಿ ಏನು ಕೇಳಿದ್ದಾರೆ ಅನ್ನುವ ಪದದ ಮೇಲೆ ಬೆರಳಿಡುವುದು. ಹೋಲಿಸಿ, ವಿವರಿಸಿ, ಸಮರ್ಥಿಸಿ ಮೂರೂ ಬೇರೆ ಬೇರೆ.

2024-25ರಿಂದ 8ನೇ ತರಗತಿಯಲ್ಲಿ ಪ್ರತಿ ವಿಷಯದ ಲಿಖಿತ ಪರೀಕ್ಷೆಗೆ ಕನಿಷ್ಠ ಶೇಕಡಾ 30 ಬೇಕು ಅಂತ ಆಗಿದೆ. ಹಿಂದುಳಿದವರಿಗೆ ಪ್ರತ್ಯೇಕ ತರಗತಿ ಮಾಡಬೇಕು. ಹೊಸ ಟೀಚರ್ ಆ ಮಕ್ಕಳ ಪೇಪರುಗಳನ್ನು ನಿಮ್ಮ ಜೊತೆ ಕೂತು ನೋಡಲಿ. ಐದೇ ಪೇಪರ್ ತೆಗೆದುಕೊಳ್ಳಿ. ಇಬ್ಬರೂ ಬೇರೆ ಬೇರೆ ಮಾರ್ಕ್ ಹಾಕಿ, ಆಮೇಲೆ ಹೋಲಿಸಿ. ಎಲ್ಲಿ ವ್ಯತ್ಯಾಸ ಬಂತೋ ಅಲ್ಲಿ ಮಾತಾಡಿ. ಉತ್ತರ ಗೊತ್ತಿದ್ದು ಪದ ತಪ್ಪಿದ್ದು ಯಾವುದು, ಉತ್ತರವೇ ಗೊತ್ತಿಲ್ಲದ್ದು ಯಾವುದು ಅಂತ ಎರಡು ರಾಶಿ ಮಾಡಿ. ಮೊದಲ ರಾಶಿಗೆ ಪದಗಳ ಪುಸ್ತಕ ಸಾಕು. ಎರಡನೇ ರಾಶಿಗೆ ಆ ಪೀರಿಯಡಿನ ಪ್ರಶ್ನೆಯಿಂದ ಮತ್ತೆ ಶುರು ಮಾಡಬೇಕು.

ಮಾರ್ಚಿನಲ್ಲಿ

ಪರೀಕ್ಷೆ ಡ್ಯೂಟಿಯ ನಡುವೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಳ್ಳಿ. ವರ್ಷದ ಟೀಚಿಂಗ್ ಮ್ಯಾನುವಲ್ ಮತ್ತು ಪದಗಳ ಪುಸ್ತಕ ಎರಡನ್ನೂ ಮೇಜಿನ ಮೇಲಿಡಿ. ಮುಂದಿನ ವರ್ಷ ಹಾಗೇ ಮಾಡುವ ಮೂರು ಪಾಠಕ್ಕೆ ಹಸುರು ಗುರುತು, ಪೂರ್ತಿ ಬದಲಿಸಬೇಕಾದ ಮೂರಕ್ಕೆ ಕೆಂಪು. ಇದನ್ನು ಅವರೇ ಮಾಡಲಿ. ನಿಮ್ಮ ಮ್ಯಾನುವಲನ್ನೂ ಪಕ್ಕದಲ್ಲಿಟ್ಟು ನೀವೂ ಗುರುತು ಹಾಕಿ. ಪದಗಳ ಪುಸ್ತಕದ ಒಂದು ಜೆರಾಕ್ಸ್ ಮಾಡಿಸಿ ಸ್ಟಾಫ್ ರೂಮಿನ ಕಪಾಟಿನಲ್ಲಿ ಇಡಿ, ಜೂನಿನಲ್ಲಿ ಇನ್ನೊಬ್ಬರು ಬಂದರೆ ಖಾಲಿ ಹಾಳೆಯಿಂದ ಶುರು ಮಾಡುವುದು ಬೇಡ.